ಹಳೇ ಲಾರಿ, ಕುಂಬಾರನ ಕತ್ತೆ

ಸೆಕೆಂಡ್ ಹ್ಯಾಂಡ್ ಲಾರಿಯೊಂದು ಮನೆ ಮುಂದೆ ಬಂದು ನಿಂತ ವಾರದಲ್ಲೇ ಎರಡು ರೋಗ ತೋರಿಸಿತು ಎಂದುಕೊಳ್ಳೋಣ. 20 ನಿಮಿಷ ಓಡಿದ ಮೇಲೆ ಇಂಜಿನ್ ಉಸಿರು ಕಟ್ಟಿದಂತೆ ಆಫ್ ಆಗುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಇತ್ತ ರಾತ್ರಿ ನಿಂತ ಜಾಗದಲ್ಲಿ ಬೆಳಗ್ಗೆ ಅಂಗೈಯಗಲ ಆಯಿಲ್. ಯಾರದೋ ಕಣ್ಣು ಬಿದ್ದಿದೆ ಅನ್ನುತ್ತಾರೆ ಮನೆಯವರು. ಕೊಂಡ ಗಳಿಗೆ ಸರಿಯಿಲ್ಲ ಅನ್ನುತ್ತಾರೆ ಹಿರಿಯರು. ಇಂಜಿನ್ನೇ ಬೋರ್‌ಗೆ ಬಂದಿದೆ, ಇಳಿಸಿಬಿಡೋಣ ಅನ್ನುತ್ತಾನೆ ಆತುರದ ಮೇಸ್ತ್ರಿ. ಮೂರೂ ಬೇರೆ ಬೇರೆ ಮಾತುಗಳಂತೆ ಕಂಡರೂ ಅಚ್ಚು ಒಂದೇ: ಎರಡು ತೊಂದರೆ ಒಟ್ಟಿಗೆ ಬಂದಿವೆ, ಆದ್ದರಿಂದ ಎರಡಕ್ಕೂ ಮೂಲ ಒಂದೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಮಾತು ಬಾಯಲ್ಲಿದ್ದರೂ ನಮ್ಮದೇ ಕೊಂಬೆ ಮುರಿದಾಗ ಕಾಗೆಯನ್ನೇ ಹುಡುಕುತ್ತೇವೆ. ಯಾವುದನ್ನು ಕಾರಣ ಎಂದು ಕರೆಯಬಹುದು ಎಂಬ ಹಳೆಯ ಪ್ರಶ್ನೆ ಈ ಆಯಿಲ್ ಕಲೆಯ ಪಕ್ಕದಲ್ಲೇ ಬಿದ್ದಿದೆ.

ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದವರು, ಅಂದರೆ ನೈಯಾಯಿಕರು, ಇದಕ್ಕೆ ಮಡಕೆಯ ಉದಾಹರಣೆ ಕೊಡುತ್ತಿದ್ದರು. ಮಡಕೆ ಹುಟ್ಟುವ ಮೊದಲು ಮಣ್ಣು ಇತ್ತು, ತಿಗರಿ ಇತ್ತು, ಕೋಲು ಇತ್ತು. ಮಣ್ಣು ಹೊತ್ತು ತಂದ ಕತ್ತೆಯೂ ಇತ್ತು, ಕುಂಬಾರನ ಅಪ್ಪನೂ ಇದ್ದ, ಕೋಲಿಗೊಂದು ಬಣ್ಣವೂ ಇತ್ತು. ಮೊದಲೇ ಇದ್ದದ್ದೆಲ್ಲ ಕಾರಣವಾಗುವುದಾದರೆ ಕತ್ತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಅದಿಲ್ಲದೆಯೂ ಕೆಲಸ ನಡೆಯುವುದರಿಂದ ಅದು ಅನ್ಯಥಾಸಿದ್ಧ, ಪಟ್ಟಿಯಿಂದ ಹೊರಗೆ. 17ನೇ ಶತಮಾನದಲ್ಲಿ ಇವರಲ್ಲೇ ಒಬ್ಬನಾದ ವಿಶ್ವನಾಥ ಇಂಥ ಅನ್ಯಥಾಸಿದ್ಧಗಳನ್ನು ಐದು ಬಗೆಯಾಗಿ ವಿಂಗಡಿಸಿಟ್ಟ. ಇದ್ದರೆ ಇರುತ್ತದೆಯೇ, ಇಲ್ಲದಿದ್ದರೆ ಇರುವುದಿಲ್ಲವೇ ಎಂಬ ಅನ್ವಯ–ವ್ಯತಿರೇಕಗಳೇ ಪರೀಕ್ಷೆ. ಒಂದು ಕಾರಣ ಸಾಕಾದಲ್ಲಿ ಎರಡನ್ನು ಕಲ್ಪಿಸಬೇಡ ಎಂಬ ಲಾಘವದ ಮೇಲೆ ಇದೇ ನೈಯಾಯಿಕರಿಗೆ ಬಹಳ ಪ್ರೀತಿ. ಆದರೆ ಲಾಘವ ತರ್ಕಕ್ಕೆ ಸಹಾಯಕವೇ ಹೊರತು ಪ್ರಮಾಣವಲ್ಲ. ಆತುರದ ಮೇಸ್ತ್ರಿ ಎಡವುವುದು ಇಲ್ಲಿಯೇ.

ಇನ್ನು ಲಾರಿಯ ಕೆಳಗೆ ತೂರೋಣ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಪಂಪು ಕೂತಿರುವ ಹಳೆಯ ಡೀಸೆಲ್ ಗಾಡಿ ಎಂದಿಟ್ಟುಕೊಳ್ಳಿ. ಎಲೆಕ್ಟ್ರಾನಿಕ್ಸ್‌ನ ಗೊಡವೆ ಇಲ್ಲ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲನ್ನು ಯಾರೂ ತಳ್ಳುವುದಿಲ್ಲ, ಪಂಪು ಎಳೆಯುತ್ತದೆ. ಆ ದಾರಿಯಲ್ಲಿ ಎಲ್ಲೋ ವಾಷರ್ ಸವೆದಿದ್ದರೆ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಪಂಪಿನ ಆಚೆ ಒತ್ತಡ ಹೆಚ್ಚಿರುವ ಕಡೆ ಮಾತ್ರ ಡೀಸೆಲ್ ಹೊರಬೀಳುತ್ತದೆ. ಹೀಗೆ ಗಾಡಿಯನ್ನು ನಿಲ್ಲಿಸುವ ತೂತು ಒಣಗಿರುತ್ತದೆ, ಒದ್ದೆ ಕಂಡ ಜಾಗ ಎಷ್ಟೋ ಸಲ ನಿರಪರಾಧಿ. ಟ್ಯಾಂಕಿನ ಮುಚ್ಚಳದ ಗಾಳಿಕಂಡಿಗೆ ಕೆಸರು ಮೆತ್ತಿದರೂ ಇದೇ ಆಟ: ಡೀಸೆಲ್ ಇಳಿದಷ್ಟೂ ಒಳಗೆ ನಿರ್ವಾತ ಬೆಳೆಯುತ್ತದೆ, ಪಂಪು ಸೋಲುತ್ತದೆ, ನಿಂತಾಗ ಗಾಳಿ ಮೆಲ್ಲಗೆ ಸೇರಿಕೊಂಡು ಇಂಜಿನ್ ಮತ್ತೆ ಜೀವ ಹಿಡಿಯುತ್ತದೆ. ಮುಚ್ಚಳ ಸಡಿಲಿಸಿ ಓಡಿಸಿದಾಗ ಗಾಡಿ ನಿಲ್ಲದಿದ್ದರೆ ವ್ಯತಿರೇಕ ಸಿಕ್ಕಿತು ಎಂದು ಎಲ್ಲರೂ ಹಿಗ್ಗುತ್ತಾರೆ. ಅದನ್ನು ಮತ್ತೆ ಬಿಗಿಮಾಡಿ, ಗಾಡಿ ಮತ್ತೆ ನಿಲ್ಲುತ್ತದೆಯೇ ಎಂದು ನೋಡುವವರು ಕಡಿಮೆ. ಗುಣವಾದದ್ದನ್ನು ಬೇಕೆಂದೇ ಕೆಡಿಸಲು ಮನಸ್ಸು ಒಪ್ಪುವುದಿಲ್ಲ. ನಿಶ್ಚಯವಿರುವುದು ಮಾತ್ರ ಅಲ್ಲೇ. ಆಯಿಲ್ ಕಥೆ ಇನ್ನೂ ವಕ್ರ. ಅದು ಟ್ಯಾಪೆಟ್ ಕವರಿನಲ್ಲಿ ಹುಟ್ಟಿ, ಇಂಜಿನ್ನಿನ ಬೆನ್ನಗುಂಟ ಇಳಿದು, ಗೇರ್‌ಬಾಕ್ಸ್ ಸೇರುವಲ್ಲಿ ತೊಟ್ಟಿಕ್ಕಿ, ಹಿಂದಿನ ಸೀಲಿನ ಮೇಲೆ ಅಪವಾದ ಹೊರಿಸುತ್ತದೆ. ಸೀಲೇ ಸೋರುತ್ತಿದ್ದರೂ ಮಾತು ಮುಗಿಯಲಿಲ್ಲ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುವುದಿಲ್ಲ, ಹಸಿ ಸೌದೆಯೂ ಬೇಕು. ಆ ಹಸಿ ಸೌದೆಗೆ ನೈಯಾಯಿಕರು ಉಪಾಧಿ ಎಂದರು. ಇಲ್ಲಿಯ ಹಸಿ ಸೌದೆ ಎಂದರೆ ಗ್ಯಾರೇಜಿನವರು ಬ್ಯಾಕ್ ಕಂಪ್ರೆಷನ್ ಎನ್ನುವ ಒಳಒತ್ತಡ. ರಿಂಗು ಸವೆದೋ ಬ್ರೀದರ್ ಕಟ್ಟಿಕೊಂಡೋ ಅದು ಏರಿದ್ದರೆ ಹೊಸ ಸೀಲೂ ಸೋರುತ್ತದೆ. ಸವೆದ ರಿಂಗು ಗಾಡಿಯ ಶಕ್ತಿಯನ್ನೂ ಕುಂದಿಸೀತು, ಆದರೆ 20 ನಿಮಿಷಕ್ಕೊಮ್ಮೆ ನಿಂತು ಅರ್ಧ ಗಂಟೆಗೆ ಸರಿಹೋಗುವ ಲಕ್ಷಣ ಅದರದ್ದಲ್ಲ. ಒಂದು ಲಾರಿ, ಎರಡು ರೋಗ, ಎರಡು ಕಾರಣ: ಲಾಘವ ಸೋತಿತು.

ಹಾಗಾದರೆ ದೃಷ್ಟಿ, ಗಳಿಗೆ, ಕರ್ಮ ಎಲ್ಲ ಸುಳ್ಳೇ ಎಂದು ಆಸ್ತಿಕರು ಕೇಳಬಹುದು. ಅವರಿಗೆ ಉತ್ತರ ನಾಸ್ತಿಕರಿಂದ ತರಬೇಕಾಗಿಲ್ಲ. ಈಶ್ವರ, ಕಾಲ, ದಿಕ್ಕು, ಅದೃಷ್ಟ ಇವನ್ನು ನ್ಯಾಯದವರು ಕಾರಣಗಳೆಂದೇ ಒಪ್ಪಿದ್ದರು. ಆದರೆ ಅವಕ್ಕೆ ಕೊಟ್ಟ ಹೆಸರು ಸಾಧಾರಣ ಕಾರಣ: ಹುಟ್ಟುವ ಪ್ರತಿಯೊಂದಕ್ಕೂ ಸಮಾನವಾಗಿ ಬೇಕಾದವು. ನಿಂತ ಲಾರಿಗೆ ಎಷ್ಟೋ, ನಿಲ್ಲದೆ ಪಕ್ಕದಲ್ಲಿ ಹಾದುಹೋದ ಲಾರಿಗೂ ಅಷ್ಟೇ. ಇದೇ ಗಾಡಿ ಶಿರಾಡಿ ಘಾಟಿಯ ಇದೇ ತಿರುವಿನಲ್ಲಿ ಯಾಕೆ ನಿಂತಿತು ಎಂದು ಕೇಳಿದವನು ಅಸಾಧಾರಣ ಕಾರಣವನ್ನು ಕೇಳುತ್ತಿದ್ದಾನೆ. ಅವನಿಗೆ ಕರ್ಮ ಎಂದು ಹೇಳಿದರೆ ಸುಳ್ಳು ಹೇಳಿದಂತಲ್ಲ, ಕೇಳಿದ್ದಕ್ಕೆ ಉತ್ತರ ಕೊಡದಿದ್ದಂತೆ. ಚಕ್ರದಡಿಯ ನಿಂಬೆಹಣ್ಣಿನ ಬಗ್ಗೆ ನನ್ನ ತಕರಾರೇನೂ ಇಲ್ಲ. ಅದು ಭಯಕ್ಕೆ ಸಮಾಧಾನ. ಫೀಡ್ ಪಂಪಿಗೆ ಅದರಿಂದ ಏನೂ ಆಗದು.

ಇನ್ನೊಂದು ದಿಕ್ಕಿನಿಂದ, ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವ ಚಾರ್ವಾಕ ಬರುತ್ತಾನೆ. ವಿಜಯನಗರ ಕಾಲದ ಸರ್ವದರ್ಶನಸಂಗ್ರಹದ ಮೊದಲ ಅಧ್ಯಾಯದಲ್ಲಿ ಅವನ ವಾದವಿದೆ: ಕಾಣದ ಕಡೆಗಳಲ್ಲೂ ನಿಯಮ ಹಾಗೇ ಇರುತ್ತದೆಂದು ಎಂದಿಗೂ ತಿಳಿಯಲಾಗದು, ಆದ್ದರಿಂದ ಊಹೆಗೆ ಬುಡವಿಲ್ಲ. ಒಂದು ಲಾರಿಯಲ್ಲಿ ಮುಚ್ಚಳ ಕಾರಣವಾದರೆ ಇನ್ನೊಂದರಲ್ಲೂ ಹಾಗೆಂದು ಏನು ಗ್ಯಾರಂಟಿ? ಗ್ಯಾರಂಟಿ ಇಲ್ಲವೆಂಬುದು ನಿಜ, ಆ ಎಚ್ಚರಿಕೆ ಬೇಕು. ಆದರೆ ನೈಯಾಯಿಕನಾದ ಉದಯನಾಚಾರ್ಯ ತನ್ನ ನ್ಯಾಯಕುಸುಮಾಂಜಲಿಯಲ್ಲಿ ತಿರುಗೇಟು ಕೊಟ್ಟ: ಬೇರೆ ಕಾಲದಲ್ಲಿ, ಬೇರೆ ಊರಿನಲ್ಲಿ ತಪ್ಪೀತು ಎಂಬ ಶಂಕೆಯೇ ಊಹೆಯ ಮೇಲೆ ನಿಂತಿದೆ, ಮತ್ತು ಶಂಕಿಸುವವನ ನಡತೆಯೇ ಅವನ ಶಂಕೆಗೆ ವಿರುದ್ಧವಾದಲ್ಲಿ ಶಂಕೆ ಮುಗಿಯುತ್ತದೆ. ಊಹೆ ನಂಬದವನೂ ಡೀಸೆಲ್ ಖಾಲಿಯಾದರೆ ಬಂಕಿಗೇ ಹೋಗುತ್ತಾನೆ, ನೀರು ತುಂಬಿಸುವುದಿಲ್ಲ. ಗಮ್ಮತ್ತೆಂದರೆ, ಉದಯನ ಆ ಗ್ರಂಥ ಬರೆದದ್ದೇ ದೇವರಿದ್ದಾನೆಂದು ಸಾಧಿಸಲು.

ಹಳಬ ಮೇಸ್ತ್ರಿಗಳು ಪರೀಕ್ಷೆಯನ್ನೇ ಮಾಡದೆ ಸದ್ದು ಕೇಳಿ ರೋಗ ಹೇಳುತ್ತಾರಲ್ಲ ಎನ್ನಬಹುದು. ಅದೂ ಊಹೆಯೇ; ಸಾವಿರ ಸಲ ನಡೆದ ದಾರಿಯಾದ್ದರಿಂದ ಹೆಜ್ಜೆ ಕಾಣಿಸುವುದಿಲ್ಲ. ಅವರ ಕಿವಿಯನ್ನು ನಂಬಬಹುದು. ನಂಬಬಾರದ್ದು ಫಿಲ್ಟರ್, ಪಂಪು, ಪೈಪು, ಸೀಲು ಎಲ್ಲವನ್ನೂ ಒಂದೇ ದಿನ ಬದಲಿಸುವ ಕೈಯನ್ನು: ಗಾಡಿ ಸರಿಹೋದರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ, ಬಿಲ್ಲಿನಲ್ಲಿ ಕತ್ತೆಗೂ ದುಡ್ಡು ಬಿದ್ದಿರುತ್ತದೆ. ಹಳೇ ಲಾರಿ ಕೊಂಡವರು ಇಂಜಿನ್ ಇಳಿಸುವ ಮಾತಿಗೆ ಒಪ್ಪುವ ಮೊದಲು ಅದನ್ನು ಚೆನ್ನಾಗಿ ತೊಳೆದು ಒರೆಸಿ, ಸಂದುಗಳಿಗೆ ಸುಣ್ಣದ ಪುಡಿ ಉದುರಿಸಿ, ಒಂದು ಸುತ್ತು ಓಡಿಸಿ ಆಯಿಲ್ ಮೊದಲು ಎಲ್ಲಿ ಇಣುಕುತ್ತದೆಂದು ನೋಡಿ. ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ಮೆಲ್ಲಗೆ ತಿರುಗಿಸಿ, ಉಸ್ ಎಂದು ಗಾಳಿ ಒಳನುಗ್ಗುವ ಸದ್ದು ಬರುತ್ತದೆಯೇ ಕಿವಿಗೊಡಿ.