ಪೂಜಾರಿ ತಡೆದ ವರ

'ದೇವರು ವರ ಕೊಟ್ಟರೂ ಪೂಜಾರಿ ಕೊಡ.' ತಾಲ್ಲೂಕು ಕಚೇರಿಯ ಮೆಟ್ಟಿಲು ಇಳಿಯುವವರ ಬಾಯಲ್ಲಿ ಈ ಗಾದೆ ಇಂದಿಗೂ ಬರುತ್ತದೆ. ಸರ್ಕಾರ ಪಿಂಚಣಿ ಮಂಜೂರು ಮಾಡಿದೆ, ಗುಮಾಸ್ತ ಫೈಲು ಬಿಡುತ್ತಿಲ್ಲ ಎಂಬುದು ಅದರ ರೂಢಿಯ ಅರ್ಥ. ಇಲ್ಲಿ ದೇವರು ಮೇಲೆ ಕೂತವನು, ಭಕ್ತ ಕೆಳಗೆ ನಿಂತವನು, ನಡುವೆ ಅಡ್ಡವಾದವನು ಪೂಜಾರಿ.

ಚುನಾವಣೆ ಬಂತೆಂದರೆ ಈ ಜಾಗಗಳು ಅದಲುಬದಲಾಗುತ್ತವೆ. ಆಗ ಬೇಡುವವನು ನಾಯಕ, ಕೊಡುವವನು ಮತದಾರ. ಕೈಮುಗಿದು ಮನೆ ಬಾಗಿಲಿಗೆ ಬರುವವರು ಯಾರೆಂದು ನೋಡಿದರೆ ಸಾಕು. ಇಬ್ಬರ ನಡುವೆ ಬಾವುಟ ಹಿಡಿದು, ಕೊರಳಿಗೆ ಪಕ್ಷದ ಶಾಲು ಸುತ್ತಿ ನಿಂತ ಬೆಂಬಲಿಗನೇ ಪೂಜಾರಿ. ಆದರೆ ಗರ್ಭಗುಡಿ ಯಾವ ಕಡೆಗಿದೆ ಎಂಬುದೇ ಅವನಿಗೆ ಮರೆತುಹೋಗಿರುತ್ತದೆ. ಮತದಾರನಿಗೆ ಬೆನ್ನು ಮಾಡಿ ನಾಯಕನಿಗೆ ಮಂಗಳಾರತಿ ಎತ್ತುತ್ತಾನೆ. ಕ್ರೇನಿಗೆ ಸೇಬಿನ ಹಾರ ತೂಗುಹಾಕಿ ರಸ್ತೆ ಕಟ್ಟುತ್ತಾನೆ. ಸೈಲೆನ್ಸರ್ ಕಿತ್ತ ಬೈಕಿನಲ್ಲಿ ಊರು ಸುತ್ತುತ್ತಾನೆ. 'ನಮ್ಮಣ್ಣಂಗೆ ಹಾಕ್ದೆ ಇದ್ರೆ ನಲ್ಲೀಲಿ ನೀರು ಹೆಂಗೆ ಬರುತ್ತೋ ನೋಡ್ತೀನಿ' ಎಂದು ಕೇರಿಯ ಅಜ್ಜಿಯನ್ನು ಗದರಿಸುತ್ತಾನೆ. ತೆರೆದ ವಾಹನದ ಮೇಲಿನಿಂದ ನೋಡುವವರಿಗೆ ಇದೆಲ್ಲ ಅಭಿಮಾನ. ಹಾರದ ಹಿಂದೆ ಸಿಕ್ಕಿಬಿದ್ದ ಬಸ್ಸಿನೊಳಗಿನವರಿಗೆ ಹಾಗೆ ಕಾಣುವುದಿಲ್ಲ. ಮತ ಇರುವುದು ಬಸ್ಸಿನೊಳಗೆ.

ಬೆಂಬಲಿಗರ ಅತಿರೇಕದಿಂದ ವೋಟು ಕೈತಪ್ಪೀತು ಎಂದು ಎಲ್ಲ ಪಕ್ಷದವರೂ ಅಂಜುತ್ತಾರೆ. ಗಾದೆ ಇನ್ನೂ ಮುಂದಕ್ಕೆ ಹೋಗಿ, ಸಿಕ್ಕ ವರವೇ ಕೈಬಿಡುವುದನ್ನು ಹೇಳುತ್ತಿದೆ. ಅದಕ್ಕೆ ರಾಯ್‌ಬರೇಲಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. 1971ರಲ್ಲಿ ಅಲ್ಲಿನ ಮತದಾರರು ರಾಜ್ ನಾರಾಯಣ್ ವಿರುದ್ಧ ಇಂದಿರಾ ಗಾಂಧಿಯವರನ್ನು ಒಂದು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆಲ್ಲಿಸಿದರು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಆ ಆಯ್ಕೆಯನ್ನು ರದ್ದು ಮಾಡಿದರು. ಲಂಚ, ಮಿತಿಮೀರಿದ ಖರ್ಚು ಮುಂತಾದ ದೊಡ್ಡ ಆರೋಪಗಳು ನಿಲ್ಲಲಿಲ್ಲ. ನಿಂತವು ಎರಡೇ. ಪ್ರಧಾನಿ ಸಚಿವಾಲಯದ ಅಧಿಕಾರಿ ಯಶಪಾಲ್ ಕಪೂರ್ ಸರ್ಕಾರಿ ನೌಕರಿಯಿಂದ ಬಿಡುಗಡೆಯಾಗುವ ಮೊದಲೇ ಪ್ರಚಾರಕ್ಕೆ ಇಳಿದಿದ್ದರು. ಉತ್ತರ ಪ್ರದೇಶದ ಅಧಿಕಾರಿಗಳು ಸಭೆಗಳಿಗೆ ವೇದಿಕೆ ಕಟ್ಟಿಸಿ, ಧ್ವನಿವರ್ಧಕಕ್ಕೆ ವಿದ್ಯುತ್ ವ್ಯವಸ್ಥೆ ಮಾಡಿಕೊಟ್ಟಿದ್ದರು. ಲಕ್ಷದ ಅಂತರದಲ್ಲಿ ಗೆಲ್ಲುವವರಿಗೆ ಸರ್ಕಾರಿ ವೇದಿಕೆ ಏಕೆ ಬೇಕಿತ್ತು? ಕಪೂರರು ಕೆಲವು ದಿನ ಕಾದಿದ್ದರೆ ಅವರ ಸೇವೆ ದೋಷವೂ ಆಗುತ್ತಿರಲಿಲ್ಲ.

ಮುಂದೆ ಕಾನೂನಿಗೇ ತಿದ್ದುಪಡಿ ತಂದು, ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಿಂದ ಆಯ್ಕೆ ಊರ್ಜಿತವಾಯಿತು. ಅಷ್ಟರಲ್ಲಿ ದೇಶಕ್ಕೆ ತುರ್ತುಪರಿಸ್ಥಿತಿ ಬಂದಾಗಿತ್ತು. ಆ ಕಾಲದ ಕಾಂಗ್ರೆಸ್ ಅಧ್ಯಕ್ಷ ದೇವಕಾಂತ ಬರುವಾ ಇಂದಿರಾ ಬೇರೆಯಲ್ಲ, ಇಂಡಿಯಾ ಬೇರೆಯಲ್ಲ ಎಂದು ಸ್ತುತಿ ಹಾಡಿದರು. 1977ರಲ್ಲಿ ಅದೇ ರಾಯ್‌ಬರೇಲಿ ಅದೇ ರಾಜ್ ನಾರಾಯಣರನ್ನು 55 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆಲ್ಲಿಸಿತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಮರುವರ್ಷವೇ ಇಂದಿರಾ ಚಿಕ್ಕಮಗಳೂರಿಗೆ ಬಂದು ಉಪಚುನಾವಣೆಗೆ ನಿಂತರು. ಬೆಂಬಲಿಗರ ಘೋಷಣೆ ಅವರನ್ನು ಸಿಂಹಿಣಿಯಾಗಿಸಿ, ಎದುರಾಳಿಗಳನ್ನೆಲ್ಲ ಮುಸುವಗಳ ಸಾಲಿಗೆ ಸೇರಿಸಿತು. ಎದುರಿಗಿದ್ದವರು ಈ ರಾಜ್ಯದ ಮುಖ್ಯಮಂತ್ರಿಯಾಗಿದ್ದ ವೀರೇಂದ್ರ ಪಾಟೀಲರು. ಇಂದಿರಾ ಗೆದ್ದರು. ಹಾಗಾದರೆ ಪೂಜಾರಿಯ ಅಬ್ಬರದಿಂದ ಏನು ನಷ್ಟವಾಯಿತು?

ಅಬ್ಬರಕ್ಕೆ ಸೋಲೇ ಶಿಕ್ಷೆ ಎಂದು ಗಾದೆ ಎಲ್ಲಿಯೂ ಹೇಳಿಲ್ಲ. ಗೆದ್ದ ಮೇಲಿನ ಲೆಕ್ಕ ಬೇರೆಯೇ ಇದೆ. ಎದುರಾಳಿಯನ್ನು ಪ್ರಾಣಿಯ ಹೆಸರಿನಿಂದ ಕರೆದ ಬಾಯಿ ಮತ ಎಣಿಕೆಯ ದಿನ ಮುಚ್ಚುವುದಿಲ್ಲ. ಊರಹಬ್ಬಕ್ಕೆ ಒಟ್ಟಿಗೆ ತೇರು ಎಳೆಯಬೇಕಾದ ಎರಡು ಮನೆಗಳ ಜಗುಲಿ ಮಾತು ನಿಂತುಹೋಗುತ್ತದೆ. ನಾಯಕರು ಬೆಂಗಳೂರಿಗೋ ದೆಹಲಿಗೋ ಹೋಗಿ ಎದುರಾಳಿಯ ಜೊತೆ ಕಾಫಿ ಕುಡಿಯುತ್ತಾರೆ, ಕೆಲವೊಮ್ಮೆ ಅವರ ಪಕ್ಷಕ್ಕೇ ಸೇರುತ್ತಾರೆ. ಕೇಸು ಹಾಕಿಸಿಕೊಂಡ ಹುಡುಗ ಮಾತ್ರ ಕೋರ್ಟಿಗೆ ಅಲೆಯುತ್ತಾನೆ. ಇನ್ನು ದುಡಿದ ಪೂಜಾರಿಗಳಲ್ಲಿ ಬುದ್ಧಿವಂತರಾದವರು ನಿಗಮ-ಮಂಡಳಿಯ ಕುರ್ಚಿಯನ್ನೋ ಗುತ್ತಿಗೆಯನ್ನೋ ಹಿಡಿದು ನಾಯಕನ ಬಾಗಿಲಲ್ಲೇ ಕೂರುತ್ತಾರೆ. ಆಮೇಲೆ ಮತ ಕೊಟ್ಟವರೇ ಅವರ ಅಪ್ಪಣೆಗೆ ಕಾಯಬೇಕು.

ಇದರ ಹೊಣೆ ಯಾರದು? 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಂ ಅಭ್ಯರ್ಥಿ ಮತ್ತು ಅವನ ಏಜೆಂಟರ ಜೊತೆಗೆ, ಅವರ ಸಮ್ಮತಿಯಿಂದ ಬೇರೆಯವರು ಮಾಡಿದ್ದನ್ನೂ ಭ್ರಷ್ಟ ಆಚರಣೆ ಎಂದೇ ಎಣಿಸುತ್ತದೆ. ಆದ್ದರಿಂದಲೇ ಗಲಾಟೆಯಾದ ಮರುದಿನ 'ಅವರು ಯಾರೋ ನನಗೆ ಗೊತ್ತಿಲ್ಲ' ಎಂಬ ಹೇಳಿಕೆ ಪತ್ರಿಕೆಯಲ್ಲಿ ಬರುವುದು. ಸಮ್ಮತಿಯನ್ನು ಸಾಕ್ಷಿಸಮೇತ ತೋರಿಸುವುದು ಕಷ್ಟವೆಂದು ಎಲ್ಲರಿಗೂ ಗೊತ್ತು.

ಗಾಂಧೀಜಿಗೂ ಹಾಗೆ ಹೇಳಲು ಅವಕಾಶವಿತ್ತು. 1922ರ ಫೆಬ್ರವರಿಯಲ್ಲಿ ಚೌರಿ ಚೌರಾದಲ್ಲಿ ಚಳವಳಿಗಾರರ ಗುಂಪು ಠಾಣೆಗೆ ಬೆಂಕಿಯಿಟ್ಟು 20ಕ್ಕೂ ಹೆಚ್ಚು ಪೊಲೀಸರನ್ನು ಕೊಂದಿತು. ಗಾಂಧೀಜಿ ಎಷ್ಟೋ ದೂರದ ಬಾರ್ಡೋಲಿಯಲ್ಲಿದ್ದರು. ಆದರೂ ಇಡೀ ಅಸಹಕಾರ ಚಳವಳಿಯನ್ನೇ ನಿಲ್ಲಿಸಿ, ಪ್ರಾಯಶ್ಚಿತ್ತವಾಗಿ ಐದು ದಿನ ಉಪವಾಸ ಕೂತರು. ಜೈಲಿನಲ್ಲಿದ್ದ ನೆಹರೂ ಅವರಂಥವರಿಗೇ ಈ ನಿರ್ಧಾರ ಒಪ್ಪಿಗೆಯಾಗಲಿಲ್ಲ.

ಇಂದಿನ ನಾಯಕರಿಂದ ಯಾರೂ ಉಪವಾಸ ಕೇಳುತ್ತಿಲ್ಲ. ತಮ್ಮವರು ಅಜ್ಜಿಯನ್ನು ಗದರಿಸಿದ ಕೇರಿಗೆ ಹೋಗಿ, ಆ ತಮ್ಮವರನ್ನೇ ಮುಂದೆ ನಿಲ್ಲಿಸಿ, ಇದು ತಪ್ಪು ಎಂದು ಮೈಕಿನಲ್ಲಿ ಹೇಳಿದರೆ ಸಾಕು. ಹೇಳದವರು ಕೋರ್ಟಿನಲ್ಲಿ ಪಾರಾಗಬಹುದು. ಕೇರಿಯವರು ಮಾತ್ರ ಮೌನವನ್ನು ಸಮ್ಮತಿ ಎಂದೇ ಬರೆದಿಟ್ಟುಕೊಳ್ಳುತ್ತಾರೆ.