ಬದಲಿಯ ಧರ್ಮ

ಕೆಟ್ಟುಹೋದ ವಸ್ತುವಿನ ಜಾಗದಲ್ಲಿ ಅದಕ್ಕಿಂತ ಮೇಲಾದ ವಸ್ತುವನ್ನಿಟ್ಟರೆ ಒಟ್ಟು ವ್ಯವಸ್ಥೆಯೂ ಮೇಲಾಗುತ್ತದೆ ಎಂಬುದು ನಮ್ಮ ಕಾಲದ ಸಾಮಾನ್ಯ ನಂಬಿಕೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಮನೆಯಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ, ಶಾಲೆಯಲ್ಲಿ ನಾವೆಲ್ಲ ಇದರಂತೆಯೇ ನಡೆಯುತ್ತೇವೆ. ಹಳತು ಕೆಟ್ಟಿತು, ಹೊಸತು ಬಂತು, ಕೆಲಸ ಮುಗಿಯಿತು. ಈ ಲೆಕ್ಕ ಸರಿಯೆ? ಒಂದರ ಸ್ಥಾನಕ್ಕೆ ಇನ್ನೊಂದನ್ನು ತಂದಿಡುವವನಿಗೆ ಬೇರೆ ಹೊಣೆಯೇ ಇಲ್ಲವೆ? ಹೊಸತರ ಮೇಲ್ಮೆಯೊಂದೇ ಅದಕ್ಕೆ ಆ ಸ್ಥಾನದ ಅಧಿಕಾರವನ್ನು ಕೊಟ್ಟುಬಿಡುತ್ತದೆಯೆ?

ಕನ್ನಡ ಪಾಠ ಹೇಳುವವರಿಗೆ ಈ ಪ್ರಶ್ನೆ ತೀರ ಹೊಸತೇನೂ ಅಲ್ಲ. ಸಂಧಿಪ್ರಕರಣದಲ್ಲಿ ಆಗಮ, ಆದೇಶ ಎಂದು ಎರಡು ಕಾರ್ಯಗಳನ್ನು ಹೇಳುತ್ತೇವೆ. ಇದ್ದ ಅಕ್ಷರಗಳ ನಡುವೆ ಹೊಸದೊಂದು ಬಂದು ಸೇರಿಕೊಂಡರೆ ಆಗಮ. ಇದ್ದ ಅಕ್ಷರವನ್ನು ಎಬ್ಬಿಸಿ ಇನ್ನೊಂದು ಅಲ್ಲಿ ಕುಳಿತರೆ ಆದೇಶ. ಆಗಮ ಮಿತ್ರನಂತೆ ಬರುತ್ತದೆ, ಆದೇಶ ಶತ್ರುವಿನಂತೆ ಬರುತ್ತದೆ ಎಂದು ಹಿಂದಿನ ವೈಯಾಕರಣರು ವಿನೋದವಾಗಿ ಹೇಳುತ್ತಿದ್ದುದುಂಟು. ಆದರೆ ಈ ಶತ್ರುವೂ ಮನಬಂದಂತೆ ನಡೆಯುವವನಲ್ಲ. ‘ಕಣ್’, ‘ಪನಿ’ ಎರಡೂ ಕೂಡಿದಾಗ ಪಕಾರವು ಬಕಾರವಾಗಿ ‘ಕಂಬನಿ’ ಆಗುತ್ತದೆ. ‘ಕೆನೆ’, ‘ಪಾಲು’ ಕೂಡಿದಾಗ ಅದೇ ಪಕಾರವು ವಕಾರವಾಗಿ ‘ಕೆನೆವಾಲು’ ಆಗುತ್ತದೆ. ಬಕಾರ ಮೇಲೋ ವಕಾರ ಮೇಲೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಸ್ಥಾನವನ್ನೂ ನೆರೆಯನ್ನೂ ನೋಡಿಯೇ ಬದಲಿಯ ನಿರ್ಣಯ. ಪಾಣಿನಿಯಂತೂ, ಬದಲಿಗೆ ಬಂದದ್ದು ಮೂಲದಂತೆಯೇ ನಡೆಯಬೇಕೆಂದು ವಿಧಿಸಿ, ಅಕ್ಷರದ ಸ್ವಂತ ರೂಪವನ್ನೇ ಆಶ್ರಯಿಸಿದ ಕಾರ್ಯಗಳಲ್ಲಿ ಹಾಗಲ್ಲವೆಂದು ಒಂದು ಎಲ್ಲೆಯನ್ನೂ ಹಾಕಿದ್ದಾನೆ. ಎಂದರೆ, ಬದಲಿಗೆ ಬಂದವನು ಹಿಂದಿನವನ ಹೊಣೆಯನ್ನು ಹೊರಬೇಕು; ಅವನ ಮೈ ಬೇರೆ ಎಂಬುದನ್ನು ಉಳಿದವರು ಮರೆಯಬಾರದು.

ಈ ಹಳೆಯ ಪಾಠಕ್ಕೆ ಹೊಸ ಉದಾಹರಣೆ ನನಗೆ ದೊರೆತದ್ದು ನೆಲ್ಯಾಡಿಯ ಪೇಟೆಯಲ್ಲಿ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ 75ನೆಯ ಹೆದ್ದಾರಿಯಲ್ಲಿ, ಉಪ್ಪಿನಂಗಡಿ ದಾಟಿ ಶಿರಾಡಿ ಘಾಟಿ ಏರುವುದಕ್ಕೆ ಮೊದಲು ಸಿಗುವ ಊರು ಇದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವುದು, ಬೇಸಗೆಯಲ್ಲಿ ಮದುವೆ, ನೇಮ, ಬಯಲಾಟಗಳಿಗೆಂದು ಮೈಕ್ ಸೆಟ್ಟುಗಳು ಊರೂರು ಅಲೆಯುವುದು ಇಲ್ಲಿನ ವರ್ಷಚಕ್ರ. ಆದ್ದರಿಂದ ರಿಪೇರಿ ಅಂಗಡಿಯ ಮೇಜಿನ ಮೇಲೆ ಒಂದು ಕಾಲದಲ್ಲಿ ಇನ್ವರ್ಟರು, ಇನ್ನೊಂದು ಕಾಲದಲ್ಲಿ ಆಂಪ್ಲಿಫೈಯರು. ಅಂಥ ಅಂಗಡಿಯೊಂದರಲ್ಲಿ, ಬಾಡಿಗೆಗೆ ಮೈಕ್ ಕೊಟ್ಟು ಜೀವಿಸುವವರೊಬ್ಬರು ತಮ್ಮ ಹಳೆಯ ಆಂಪ್ಲಿಫೈಯರನ್ನು ತಂದಿಟ್ಟು, “ಈಗ ಇದಕ್ಕಿಂತ ಒಳ್ಳೆಯ ಮಾಸ್‌ಫೆಟ್ ಅಂತ ಬಂದಿದೆಯಂತಲ್ಲ, ಅದನ್ನೇ ಹಾಕಿಬಿಡಿ” ಎಂದರು. ಅಂಗಡಿಯವರು ತಲೆಯೆತ್ತದೆ ಹೇಳಿದರು: “ಹಾಕ್ಲಿಕ್ಕೆ ಆಗ್ತದೆ. ಆದ್ರೆ ಅದೊಂದನ್ನೇ ಹಾಕಿದ್ರೆ ಸುಖ ಇಲ್ಲ.”

ಈ ಮಾತಿನ ಅರ್ಥ ತಿಳಿಯಬೇಕಾದರೆ ಆ ಪೆಟ್ಟಿಗೆಯ ಒಳಗನ್ನು ಸ್ವಲ್ಪ ನೋಡಬೇಕು. ಅದರಲ್ಲಿ ಸುಟ್ಟುಹೋದದ್ದು 2ಎನ್3055 ಎಂಬ ಟ್ರಾನ್ಸಿಸ್ಟರು. 1960ರ ದಶಕದ ಆರಂಭದಲ್ಲಿ ಅಮೆರಿಕದ ಆರ್‌ಸಿಎ ಕಂಪೆನಿ ಹೊರತಂದ, ಉಕ್ಕಿನ ಟೋಪಿಯಂಥ ಕವಚವುಳ್ಳ ಈ ಬಿಡಿಭಾಗ 60 ವೋಲ್ಟಿನವರೆಗೆ, 15 ಆಂಪಿಯರಿನವರೆಗೆ ತಾಳುವಂಥದು. ಅಂದಿನಿಂದ ಜಗತ್ತಿನಾದ್ಯಂತ ಧ್ವನಿವರ್ಧಕಗಳಲ್ಲೂ ಇನ್ವರ್ಟರುಗಳಲ್ಲೂ ದುಡಿದಿದೆ. ಇದು ಬೈಪೋಲಾರ್ ಜಾತಿಯದು. ಇದರ ಸ್ವಭಾವ ಕೂಲಿಯಾಳಿನದು. ದೊಡ್ಡ ವಿದ್ಯುತ್ ಪ್ರವಾಹವನ್ನು ಹೊರಬೇಕಾದರೆ ಬೇಸ್ ಎಂಬ ಬಾಗಿಲಲ್ಲಿ ಅದಕ್ಕೆ ಚಿಕ್ಕ ಪ್ರವಾಹವನ್ನು ಬಿಡದೆ ಕೊಡುತ್ತಿರಬೇಕು. 4 ಆಂಪಿಯರ್ ಹೊರುವಾಗ ಇಪ್ಪತ್ತು ಸೇರಿಗೆ ಒಂದು ಸೇರು ಕೂಲಿ ಕೇಳೀತು. 10 ಆಂಪಿಯರ್ ಹೊರಿಸಿದರೆ ಐದಕ್ಕೆ ಒಂದರವರೆಗೂ ಕೇಳೀತು. ಆದರೆ ಅದನ್ನು ಎಬ್ಬಿಸುವುದಕ್ಕೆ ಹೆಚ್ಚಿನ ಒತ್ತಡ ಬೇಕಿಲ್ಲ; ಮುಕ್ಕಾಲು ವೋಲ್ಟಿನ ಆಸುಪಾಸಿನಲ್ಲಿ ಅದು ಕೆಲಸಕ್ಕೆ ನಿಲ್ಲುತ್ತದೆ.

ಮಾಸ್‌ಫೆಟ್ಟಿನ ಸ್ವಭಾವ ಇದಕ್ಕೆ ವಿರುದ್ಧ. ಅದರ ಗೇಟ್ ಎಂಬ ಬಾಗಿಲಿಗೂ ಒಳಗಿನ ಪ್ರವಾಹಕ್ಕೂ ನಡುವೆ ಗಾಜಿನಂಥ ಒಂದು ತೆಳುಪದರ ಉಂಟು. ಹೀಗಾಗಿ ಅದು ನಿಂತ ಸ್ಥಿತಿಯಲ್ಲಿ ಏನೂ ಕೂಲಿ ಕೇಳುವುದಿಲ್ಲ. ಆದರೆ ಗೇಟಿನಲ್ಲಿ 2ರಿಂದ 4 ವೋಲ್ಟ್ ಏರುವ ತನಕ ಅದು ಕಣ್ಣು ಬಿಡುವುದಿಲ್ಲ. ಪೂರ್ತಿ ತೆರೆದುಕೊಳ್ಳಲು ಸಾಮಾನ್ಯವಾಗಿ 10 ವೋಲ್ಟ್ ಬೇಕು. 20 ವೋಲ್ಟ್ ದಾಟಿದರೆ ಆ ತೆಳುಪದರವೇ ಸೀಳಿಹೋದೀತು. ಅನ್ನ ಕೇಳದೆ ಮರ್ಯಾದೆ ಕೇಳುವ ಅತಿಥಿಗಳನ್ನು ನಾವು ಕಂಡಿಲ್ಲವೆ? ಇದು ಅಂಥ ಅತಿಥಿ.

ವಿಚಿತ್ರವೆಂದರೆ, ಹೊಸತೆಂದು ನಾವು ಕರೆಯುವ ಇದರ ಕಲ್ಪನೆ ಹಳೆಯದಕ್ಕಿಂತಲೂ ಹಳೆಯದು. ಬಾರ್ಡೀನ್ ಮತ್ತು ಬ್ರಾಟೇನ್ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲ ಟ್ರಾನ್ಸಿಸ್ಟರನ್ನು ಕಂಡುಹಿಡಿದದ್ದು 1947ರ ಡಿಸೆಂಬರಿನಲ್ಲಿ. ವಿದ್ಯುತ್ ಕ್ಷೇತ್ರದ ಒತ್ತಡದಿಂದಲೇ ಪ್ರವಾಹವನ್ನು ಆಳಬಹುದೆಂದು ಲಿಲಿಯನ್‌ಫೆಲ್ಡ್ ಎಂಬವನು ಪೇಟೆಂಟಿಗೆ ಅರ್ಜಿ ಹಾಕಿದ್ದು 1925ರಷ್ಟು ಹಿಂದೆ. ಆದರೂ ಅತಲ್ಲಾ ಮತ್ತು ಕಾಂಗ್ ಅದನ್ನು ಸಿಲಿಕಾನಿನಲ್ಲಿ ಮಾಡಿ ತೋರಿಸಿದ್ದು 1959ರಲ್ಲಿ, ಅದೇ ಬೆಲ್ ಪ್ರಯೋಗಾಲಯದಲ್ಲಿ. ನಡುವಿನ ಕಾಲದಲ್ಲಿ ಅಡ್ಡಿಯಾಗಿದ್ದುದು ಸಿಲಿಕಾನಿನ ಮೇಲ್ಮೈ. ಅಲ್ಲಿ ಸಿಕ್ಕಿಕೊಂಡ ವಿದ್ಯುದಂಶಗಳು ಹೊರಗಿನ ಒತ್ತಡವನ್ನು ಒಳಗೆ ಬಿಡುತ್ತಿರಲಿಲ್ಲ. ಸರಿಯಾದ ಪದರವನ್ನು ಅದರ ಮೇಲೆ ಬೆಳೆಸಿದ ಮೇಲೆಯೇ ಕಲ್ಪನೆ ಕೈಗೂಡಿತು. ನೆರೆ ಸರಿಯಾಗುವ ತನಕ ಒಳ್ಳೆಯ ಕಲ್ಪನೆಯೂ ಮೂವತ್ತಕ್ಕೂ ಹೆಚ್ಚು ವರ್ಷ ಕಾದಿತು.

ಈಗ ಹಳೆಯ ಆಂಪ್ಲಿಫೈಯರಿಗೆ ಬರೋಣ. ಅದನ್ನು ರಚಿಸಿದವರು 3055ರ ಹಸಿವನ್ನು ತಿಳಿದೇ ಉಳಿದುದನ್ನೆಲ್ಲ ಹೊಂದಿಸಿದ್ದರು. ಅದರ ಹಿಂದಿನ ಪುಟ್ಟ ಟ್ರಾನ್ಸ್‌ಫಾರ್ಮರಿಗೆ, ವೋಲ್ಟು ಕಡಮೆಯಾಗಿ ಪ್ರವಾಹ ಹೆಚ್ಚಾಗಿ ಬರುವಂತೆ ತಂತಿ ಸುತ್ತಿಸಿದ್ದರು. ಸದ್ದಿಲ್ಲದಾಗಲೂ ಎರಡು ಟ್ರಾನ್ಸಿಸ್ಟರುಗಳು ಅರೆನಿದ್ರೆಯಲ್ಲಿ ಸಿದ್ಧವಾಗಿರಲೆಂದು ಅರ್ಧ ವೋಲ್ಟಿಗಿಂತ ತುಸು ಹೆಚ್ಚಿನ ಒತ್ತಡವನ್ನು ಸದಾ ಕೊಟ್ಟಿದ್ದರು. ಬಿಸಿ ಏರಿದಂತೆ ಈ ಟ್ರಾನ್ಸಿಸ್ಟರು ಡಿಗ್ರಿಗೆ ಸುಮಾರು 2 ಮಿಲಿವೋಲ್ಟಿನಷ್ಟು ಸುಲಭವಾಗಿ ತೆರೆದುಕೊಳ್ಳುವುದರಿಂದ, ಹಾಗೆ ಬಿಟ್ಟರೆ ಬಿಸಿಯಿಂದ ಪ್ರವಾಹ, ಪ್ರವಾಹದಿಂದ ಬಿಸಿ ಎಂದು ಬೆಳೆದು ಸುಟ್ಟೀತೆಂದು, ಆ ಒತ್ತಡವನ್ನು ಇಳಿಸುವ ಒಂದು ಕಾವಲನ್ನೂ ಇಟ್ಟಿದ್ದರು. ಇಲ್ಲಿ 3055ನ್ನು ಕಿತ್ತು ಮಾಸ್‌ಫೆಟ್ಟನ್ನು ಕೂರಿಸಿದರೆ ಏನಾದೀತು? ಅದಕ್ಕೆ ಬೇಡದ ಪ್ರವಾಹ ಹೇರಳವಾಗಿ ಬರುತ್ತದೆ. ಬೇಕಾದ ವೋಲ್ಟು ಬರುವುದಿಲ್ಲ. ಭಾಗವತರ ಮೆಲುದನಿಯ ಏರಿಳಿತಗಳು ಅದರ ಹೊಸ್ತಿಲನ್ನೇ ದಾಟದೆ ಕರಗಿಹೋಗುತ್ತವೆ. ಚೆಂಡೆಯ ಪೆಟ್ಟು ಮಾತ್ರ ಒಡೆದು ಕೇಳಿಸೀತು. ಅದು ತುಂಬ ಚುರುಕಾದ ವಸ್ತುವಾದ್ದರಿಂದ, ಗೇಟಿನ ಬಳಿ ತಕ್ಕ ಪ್ರತಿರೋಧವಿಲ್ಲದಿದ್ದರೆ ನಮ್ಮ ಕಿವಿಗೆ ಕೇಳದ ಕಂಪನದಲ್ಲಿ ತಾನೇ ತೊಡಗಿ ಬಿಸಿಯಾಗುವುದೂ ಉಂಟು. ಬಿಸಿಯಾದರೆ ತಾನಾಗಿ ಪ್ರವಾಹವನ್ನು ತಗ್ಗಿಸಿಕೊಳ್ಳುವ ಗುಣ ಅದಕ್ಕಿದೆಯೆಂದು ಹೇಳುವವರಿದ್ದಾರೆ. ಪೂರ್ತಿ ತೆರೆದಾಗ ಅದು ನಿಜ. ಆಂಪ್ಲಿಫೈಯರಿನಲ್ಲಿರುವಂತೆ ಅರೆ ತೆರೆದಿರುವಾಗ, ಕಡಮೆ ಪ್ರವಾಹದಲ್ಲಿ, ಬಹಳಷ್ಟು ಮಾಸ್‌ಫೆಟ್ಟುಗಳ ನಡತೆ ಅದಕ್ಕೆ ವಿರುದ್ಧ.

ಇನ್ವರ್ಟರಿನ ಮಾತೇ ಬೇರೆ. ಅಲ್ಲಿ ಈ ಬಾಗಿಲುಗಳು ಪೂರ್ತಿ ತೆರೆಯಬೇಕು, ಇಲ್ಲವೆ ಪೂರ್ತಿ ಮುಚ್ಚಬೇಕು. 4 ಆಂಪಿಯರ್ ಹರಿಯುವಾಗ 3055ರಲ್ಲಿ 1 ವೋಲ್ಟಿನವರೆಗೂ ವ್ಯರ್ಥವಾಗಬಹುದು, 0.0175 ಓಮ್ ಪ್ರತಿರೋಧದ ಐಆರ್‌ಎಫ್‌ಝಡ್44ಎನ್ ಎಂಬ ಮಾಸ್‌ಫೆಟ್ಟಿನಲ್ಲಿ ವ್ಯರ್ಥವಾಗುವುದು 0.07 ವೋಲ್ಟ್ ಮಾತ್ರ. 12 ವೋಲ್ಟಿನ ಬ್ಯಾಟರಿಯಲ್ಲಿ 1 ವೋಲ್ಟ್ ಎಂದರೆ ಹನ್ನೆರಡರಲ್ಲಿ ಒಂದು ಪಾಲು. ಆಷಾಢದ ರಾತ್ರಿಯಲ್ಲಿ ದೀಪದ ಕೆಳಗೆ ಓದುವ ಮಗುವಿಗೆ ಅದು ಸಣ್ಣ ಮಾತಲ್ಲ. ಅಲ್ಲಿಯೂ ಗೇಟಿಗೆ ತಕ್ಕ ವೋಲ್ಟನ್ನು ಒದಗಿಸುವ ಕೆಲಸ ತಪ್ಪದು. ಆದರೆ ಬದಲಿಸಿದ್ದಕ್ಕೆ ಫಲವಿದೆ. ಒಂದೇ ಪಕಾರ ಇಲ್ಲಿ ಬಕಾರವಾಗಿ ಅಲ್ಲಿ ವಕಾರವಾದಂತೆ, ಒಂದೆಡೆ ಉಚಿತವಾದದ್ದು ಇನ್ನೊಂದೆಡೆ ಅನುಚಿತವಾಗುತ್ತದೆ. ವಸ್ತು ಅದೇ, ನೆರೆ ಬೇರೆ.

ಹಾಗಾದರೆ ಹಳತನ್ನು ಹಳತರಿಂದಲೇ ತುಂಬಬೇಕು, ಹೊಸತನ್ನು ಮುಟ್ಟಬಾರದು ಎನ್ನೋಣವೆ? ಹಾಗೆನ್ನುವವರೂ ಇದ್ದಾರೆ. ಆದರೆ ಅವರಿಗೆ ಮಾರುಕಟ್ಟೆಯೇ ಉತ್ತರ ಹೇಳುತ್ತದೆ. 2ಎನ್3055 ಎಂದು ಅಚ್ಚೊತ್ತಿದ ಖೋಟಾ ಮಾಲು ಜಗತ್ತಿನ ಎಲ್ಲೆಡೆ ಹರಡಿದೆ. ದೊಡ್ಡ ಟೋಪಿಯನ್ನು ಕೊಯ್ದು ನೋಡಿದರೆ ಒಳಗೆ ಸಾಸಿವೆಯಷ್ಟು ಸಿಲಿಕಾನು; ನಾಲ್ಕು ದಿನ ಹಾಡಿ ಐದನೆಯ ದಿನ ಸುಟ್ಟುಹೋಗುತ್ತದೆ. ಖೋಟಾ ಇರಲಿ, ನಿಜವಾದ 3055ರಲ್ಲಿಯೂ ಒಳಗಿನ ತಯಾರಿಕೆಯ ಕ್ರಮ 1970ರ ದಶಕದಲ್ಲಿ ಬದಲಾಯಿತು. ಹೆಸರು ಅದೇ ಉಳಿಯಿತು, ಚುರುಕು ಹೆಚ್ಚಿತು. ಆದ್ದರಿಂದ ಹೆಸರು ಒಂದೇ ಆದ ಮಾತ್ರಕ್ಕೆ ಬದಲಿ ಧರ್ಮ್ಯವಾಗುವುದಿಲ್ಲ. ಹೆಸರನ್ನು ಉಳಿಸಿಕೊಂಡು ಹೊಣೆಯನ್ನು ಬಿಟ್ಟದ್ದು ಆ ಖೋಟಾ; ನೆರೆಹೊರೆಯನ್ನು ಸರಿಪಡಿಸಿ ಕೂರಿಸಿದ ಮಾಸ್‌ಫೆಟ್ಟು ಹೆಸರನ್ನು ಬಿಟ್ಟು ಹೊಣೆಯನ್ನು ಹೊತ್ತದ್ದು. ಎರಡರಲ್ಲಿ ಯಾವುದು ಹಳೆಯ ಯಂತ್ರಕ್ಕೆ ಹೆಚ್ಚು ನಿಷ್ಠವಾದದ್ದೆಂದು ವಾಚಕರೇ ಹೇಳಲಿ.

ನಮ್ಮ ಮೀಮಾಂಸಕರು ಈ ವಿಷಯವನ್ನು ಪ್ರತಿನಿಧಿ ಎಂಬ ಹೆಸರಿನಲ್ಲಿ ಚರ್ಚಿಸಿದ್ದಾರೆ. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಈ ವಿಚಾರ ಬರುತ್ತದೆ. ಯಾಗಕ್ಕೆ ವ್ರೀಹಿ ದೊರೆಯದಿದ್ದರೆ ನೀವಾರವನ್ನು ತರಬಹುದು. ದ್ರವ್ಯಕ್ಕೆ ಪ್ರತಿನಿಧಿಯುಂಟು, ಅದನ್ನು ಸಾದೃಶ್ಯ ನೋಡಿ ಆರಿಸಬೇಕು. ಆದರೆ ದೇವತೆಗೆ ಪ್ರತಿನಿಧಿಯಿಲ್ಲ, ಮಂತ್ರಕ್ಕೆ ಇಲ್ಲ. ಯಾಗವನ್ನು ಒಪ್ಪದವರಿಗೂ ಈ ವಿವೇಕ ಬೇಕಾದದ್ದೇ. ಮೈಕ್ ಸೆಟ್ಟಿನಲ್ಲಿ ಬಿಡಿಭಾಗ ದ್ರವ್ಯ. ಗದ್ದೆಯ ಕೊನೆಯ ಸಾಲಿನಲ್ಲಿ ಕುಳಿತವನಿಗೂ ಪದ ಸ್ಪಷ್ಟವಾಗಿ ಕೇಳಬೇಕೆಂಬುದು ಉದ್ದೇಶ. ಮೊದಲನೆಯದನ್ನು ಬದಲಿಸಬಹುದು. ಎರಡನೆಯದನ್ನು ಬದಲಿಸಿ, “ಇಷ್ಟು ಕೇಳಿದರೆ ಸಾಕು” ಎನ್ನುವ ಅಧಿಕಾರ ರಿಪೇರಿಯವರಿಗಿಲ್ಲ.

ಇದು ತಂತಿ ಪೆಟ್ಟಿಗೆಯ ಮಾತಷ್ಟೇ ಎಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ಈ ಸೀಮೆಯ ಕಣಿವೆಗಳಲ್ಲಿ ಗದ್ದೆಗಳಿದ್ದ ಎಷ್ಟೋ ಕಡೆ ಇಂದು ಅಡಿಕೆ ತೋಟಗಳಿವೆ. ಅಡಿಕೆ ಹೆಚ್ಚು ಆದಾಯದ ಬೆಳೆ, ಸಂದೇಹವಿಲ್ಲ. ಮಕ್ಕಳ ಓದು, ಮನೆಯ ಮಾಡು ಎಲ್ಲವೂ ಅದರಿಂದ ಆದದ್ದು. ಆದರೆ ಏಣಿಲು ಬೆಳೆ ಕೇಳುತ್ತಿದ್ದುದು ಮಳೆಯ ನೀರನ್ನು. ತೋಟ ಕೇಳುವುದು ಬೇಸಗೆಯ ನೀರನ್ನು. ಮಳೆಗಾಲವಿಡೀ ನೀರನ್ನು ನಿಲ್ಲಿಸಿಕೊಂಡು ನೆಲಕ್ಕಿಳಿಸುವ ಕೆಲಸವನ್ನು ಗದ್ದೆ ಯಾರೂ ಹೇಳದೆ ಮಾಡುತ್ತಿತ್ತು. ಆ ಕೂಲಿಯನ್ನು ನಾವು ಲೆಕ್ಕದ ಪುಸ್ತಕದಲ್ಲಿ ಬರೆದಿರಲಿಲ್ಲ. ಬದಲಿ ಬಂದ ಮೇಲೆ ಆ ಕೆಲಸಕ್ಕೆ ಯಾರು ಎಂಬ ಪ್ರಶ್ನೆ ಬಾವಿಯ ತಳದಲ್ಲಿ ಎದ್ದಿತು. ತೋಟ ಮಾಡಿದ್ದು ತಪ್ಪಲ್ಲ. ಗದ್ದೆಯ ಮೌನಕಾರ್ಯಕ್ಕೆ ಇಂಗುಗುಂಡಿಯನ್ನೋ ಕಟ್ಟವನ್ನೋ ಒದಗಿಸದೆ ಬಿಟ್ಟರೆ ತಪ್ಪು. ಹೋದವನು ಎಲ್ಲರಿಗೂ ಕಾಣುವಂತೆ ಮಾಡುತ್ತಿದ್ದ ಕೆಲಸ ಒಂದಾದರೆ, ಕಾಣದಂತೆ ಮಾಡುತ್ತಿದ್ದವು ನಾಲ್ಕು. ಬದಲಿಯನ್ನು ತರುವವನು ಮೊದಲು ವಿಚಾರಿಸಬೇಕಾದದ್ದು ಆ ನಾಲ್ಕನ್ನು.

ನೆಲ್ಯಾಡಿಯ ಆ ಅಂಗಡಿಯವರ ಮುಂದೆ ಇದ್ದ ದಾರಿಗಳು ಮೂರು. ಅಗ್ಗದ 3055ನ್ನು ಹಾಕಿ ಅರ್ಧ ಗಂಟೆಯಲ್ಲಿ ಕಳುಹಿಸಬಹುದಿತ್ತು. ಮಾಸ್‌ಫೆಟ್ಟನ್ನು ಹೇಗೋ ಕೂರಿಸಿ, ‘ಹೊಸ ಮಾದರಿ’ ಎಂದು ಹೆಚ್ಚು ಹಣ ತೆಗೆದುಕೊಳ್ಳಬಹುದಿತ್ತು. ಪೆಟ್ಟಿಗೆ ತಂದವರಿಗೆ ಯಾವುದೂ ಗೊತ್ತಾಗುತ್ತಿರಲಿಲ್ಲ, ನಡುರಾತ್ರಿ ಆಟದ ಮಧ್ಯೆ ದನಿ ನಿಲ್ಲುವ ತನಕ. ಆಗ ಹೋಗುವುದು ಬಾಡಿಗೆಯೊಂದೇ ಅಲ್ಲ. ಮುಂದಿನ ವರ್ಷದ ಕರೆಯೂ ಹೋಗುತ್ತದೆ. ಅವರು ಎರಡು ದಿನದ ಅವಕಾಶ ಕೇಳಿದರು. ಗೇಟಿಗೆ ಬೇಕಾದ ಒತ್ತಡವನ್ನು ಒದಗಿಸುವ ಒಂದು ಸಣ್ಣ ಹಂತವನ್ನು ಸೇರಿಸಿ, ಮೌನದ ಒತ್ತಡವನ್ನೂ ಬಿಸಿಯ ಕಾವಲನ್ನೂ ಹೊಸದಾಗಿ ಹೊಂದಿಸಿ, ಒಂದು ರಾತ್ರಿ ಪೂರ್ತಿ ಹಾಡಿಸಿ ನೋಡಿದರು. ಕೊನೆಯಲ್ಲಿ ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿದರು: ಏನನ್ನು ತೆಗೆದೆ, ಏನನ್ನು ಇಟ್ಟೆ, ಯಾವ ದಿನ.

ಆ ಚೀಟಿ ನನ್ನನ್ನು ನನ್ನ ಕಸುಬಿಗೆ ಹಿಂದಕ್ಕೆ ಕರೆತಂದಿತು. ಓಲೆಯ ಪ್ರತಿಗಳಿಂದ ಹಳಗನ್ನಡ ಕಾವ್ಯವನ್ನು ಸಂಪಾದಿಸುವವರಿಗೂ ಇದೇ ಪರೀಕ್ಷೆ. ಲಿಪಿಕಾರ ತಪ್ಪಿದ ಕಡೆ ಒಂದು ಅಕ್ಷರವನ್ನು ಬದಲಿಸದೆ ಗತಿಯಿಲ್ಲ. ಆದರೆ ಬದಲಿಸಿದ ಅಕ್ಷರ ಅರ್ಥಕ್ಕೆ ಎಷ್ಟೇ ಚೆನ್ನಾಗಿ ಹೊಂದಿದರೂ ಛಂದಸ್ಸಿಗೂ ಪ್ರಾಸಕ್ಕೂ ಒಪ್ಪಬೇಕು. ಒಪ್ಪಿದ ಮೇಲೂ ಓಲೆಯಲ್ಲಿದ್ದ ಪಾಠವನ್ನು ಪುಟದ ಅಡಿಯಲ್ಲಿ ಕಾಣಿಸಬೇಕು. ಮುಂದೆ ಬರುವವನು ಅದನ್ನು ನೋಡಿ, “ಇಲ್ಲ, ಮೂಲವೇ ಸರಿ” ಎಂದು ಹೇಳುವ ಹಕ್ಕನ್ನು ಉಳಿಸಿಕೊಂಡಿರಬೇಕು. ಕದ್ದು ತಿದ್ದಿದವನು ಪಂಡಿತನಾದರೂ ವಂಚಕನೇ.

ಬದಲಾವಣೆ ಬೇಡವೆನ್ನುವುದು ಬದುಕಿಗೆ ಸಲ್ಲದ ಮಾತು; ಒಂದಲ್ಲ ಒಂದು ದಿನ ಎಲ್ಲವೂ ಕೆಡುತ್ತದೆ, ಎಲ್ಲರೂ ಏಳಬೇಕಾಗುತ್ತದೆ. ತರುವವನು ತಂದದ್ದರ ಗುಣವನ್ನು ತಿಳಿದರೆ ಸಾಲದು, ಹೋದದ್ದರ ಕೆಲಸವನ್ನೂ ತಿಳಿದಿರಬೇಕು. ನೆರೆಯವರ ಹೊಂದಾಣಿಕೆಯ ಶ್ರಮವನ್ನು ತಾನು ಹೊರಬೇಕು. ಮಾಡಿದ್ದನ್ನು ಬಚ್ಚಿಡದೆ, ವಸ್ತು ಯಾರದೋ ಅವರಿಗೆ ಹೇಳಬೇಕು. ಎರಡು ದಿನ ಕಾಯುವ ತಾಳ್ಮೆ ವಸ್ತುವಿನ ಒಡೆಯನಿಗೂ ಇರಬೇಕು. ಅರ್ಧ ಗಂಟೆಯಲ್ಲಿ ಮುಗಿಸಿಕೊಡಿ ಎಂದು ಪೀಡಿಸುವ ನಾವು, ಆಮೇಲೆ ಲೋಕದಲ್ಲಿ ಪ್ರಾಮಾಣಿಕ ಕೆಲಸಗಾರರಿಲ್ಲವೆಂದು ದೂರುವುದು ನ್ಯಾಯವಲ್ಲ.