ಗೆರೆ ಮತ್ತು ಅಕ್ಷರ

ವಿಡಿಯೋ ಗೇಮ್‌ನ ಟೈಟಲ್ ಸ್ಕ್ರೀನಿನಲ್ಲಿ ಆಟದ ಹೆಸರು ಓದಿಗೆ ದಕ್ಕುವ ಮೊದಲೇ ಕಣ್ಣಿಗೆ ಬೀಳುತ್ತದೆ. ಆ ಹೆಸರನ್ನು ದುಂಡಗೆ ಬರೆದರೂ ಮೊನಚಾಗಿ ಬರೆದರೂ ಉಚ್ಚಾರ ಒಂದೇ, ನಿಘಂಟಿನ ಅರ್ಥವೂ ಒಂದೇ. ಹೀಗಿದ್ದೂ ಒಂದು ಲೋಗೊಗಾಗಿ ಹಲವು ಬರಹಶೈಲಿಗಳನ್ನು ಬರೆದು, ಅಳಿಸಿ, ಮತ್ತೆ ಬರೆಯುತ್ತಾರೆ. ಅಕ್ಷರದ ಆಕಾರ ಪದದ ಅರ್ಥಕ್ಕೆ ಏನನ್ನಾದರೂ ಸೇರಿಸುತ್ತದೆಯೇ, ಇಲ್ಲ ಅದು ಬರಿಯ ಉಡುಪೇ ಎಂಬ ಪ್ರಶ್ನೆ ಈ ಕೆಲಸದ ಒಳಗೇ ಇದೆ.

ಭಾರತೀಯ ದರ್ಶನಗಳು ಶಬ್ದದ ಬಗ್ಗೆ ನಡೆಸಿದ ದೀರ್ಘ ಚರ್ಚೆಯಲ್ಲಿ ಬರಹಕ್ಕೆ ಸಿಕ್ಕ ಜಾಗ ಕಡಿಮೆ. ಮೀಮಾಂಸಕರಿಗೆ ವರ್ಣ ನಿತ್ಯ. ಉಚ್ಚಾರ ಅದನ್ನು ಪ್ರಕಟಿಸುತ್ತದೆ, ಅಷ್ಟೆ. ಅರ್ಥವನ್ನು ಹೊಳೆಯಿಸುವುದು ಬಿಡಿ ವರ್ಣಗಳಲ್ಲ, ಅಖಂಡವಾದ ಶಬ್ದ ಎಂಬುದು ಭರ್ತೃಹರಿಯ ಸ್ಫೋಟವಾದ. ಇಬ್ಬರಿಗೂ ಲಿಪಿ ಹೊರಗಿನದು. ಬರೆದ ಗೆರೆಯನ್ನೇ ದೃಷ್ಟಾಂತವಾಗಿ ಎತ್ತಿಕೊಂಡವರು ಶಂಕರಾಚಾರ್ಯರು. ಮಿಥ್ಯೆಯಿಂದ ಸತ್ಯದ ಅರಿವು ಹುಟ್ಟುವುದುಂಟೇ ಎಂಬ ಆಕ್ಷೇಪಕ್ಕೆ ಬ್ರಹ್ಮಸೂತ್ರಭಾಷ್ಯದಲ್ಲಿ (2.1.14) ಅವರು ಇದನ್ನು ತೋರಿಸುತ್ತಾರೆ: ಎಳೆದ ರೇಖೆ ಅಕಾರವಲ್ಲ, ಆದರೂ ಅದನ್ನು ಅಕಾರವೆಂದು ಕಂಡವನಿಗೆ ನಿಜವಾದ ಅಕಾರವೇ ತಿಳಿಯುತ್ತದೆ.

ಈ ಮಾತನ್ನು ಒಪ್ಪಿದರೆ ಆಕಾರ ಯಾವುದಾದರೂ ಆಗಬಹುದು ಎನ್ನಿಸುತ್ತದೆ. ಟೈಟಲ್ ಸ್ಕ್ರೀನಿನ ಅನುಭವ ಹಾಗೆ ಹೇಳುವುದಿಲ್ಲ. ‘ಫೈನಲ್ ಫ್ಯಾಂಟಸಿ’ ಸರಣಿಯ ಲೋಗೊದಲ್ಲಿ ತೆಳ್ಳನೆಯ, ನೀಳವಾದ ಅಕ್ಷರಗಳ ಹಿಂದೆ ಯೋಶಿತಾಕ ಅಮಾನೊ ಅವರ ಚಿತ್ರವಿರುತ್ತದೆ. ಕಂತು ಬದಲಾದಂತೆ ಚಿತ್ರ ಬದಲಾಗುತ್ತದೆ, ಅಕ್ಷರದ ಧಾಟಿ ಉಳಿಯುತ್ತದೆ. ಕತೆ ಬೇರೆ, ಮನೆತನ ಒಂದೇ ಎಂಬುದನ್ನು ಯಾವ ಪದವೂ ಹೇಳಿಲ್ಲ, ಆಕಾರ ಹೇಳಿದೆ. 9ನೇ ಶತಮಾನದ ಆನಂದವರ್ಧನ ಕಾವ್ಯದಲ್ಲಿ ಗುರುತಿಸಿದ ವ್ಯಂಗ್ಯಾರ್ಥಕ್ಕೆ, ಅಂದರೆ ವಾಚ್ಯವನ್ನು ಮೀರಿ ಹೊಳೆಯುವ ಅರ್ಥಕ್ಕೆ, ಇದು ಬಹಳ ಹತ್ತಿರ.

ಆದರೆ ಆ ಹೊಳಹು ಗೆರೆಯೊಳಗೇ ಇದೆಯೆನ್ನುವಂತಿಲ್ಲ. ಕ್ಯಾರಲ್ ಟ್ವಾಂಬ್ಲಿ 1989ರಲ್ಲಿ ರೂಪಿಸಿದ ಟ್ರೇಜನ್ ಫಾಂಟಿಗೆ ಮೂಲ, ರೋಮಿನಲ್ಲಿ ಕ್ರಿ.ಶ. 113ರ ಟ್ರೇಜನ್ ಸ್ತಂಭದ ಬುಡದಲ್ಲಿರುವ ಶಾಸನ. ರೋಮನ್ನು ಕಾಣದವರಿಗೂ ಆ ಅಕ್ಷರಗಳು ಗಂಭೀರವಾಗಿ ಕಾಣುತ್ತವೆ, ಏಕೆಂದರೆ ಎಷ್ಟೋ ಸಿನಿಮಾ ಪೋಸ್ಟರುಗಳು ಕಣ್ಣಿಗೆ ಆ ಸಂಸ್ಕಾರ ಕೊಟ್ಟಿವೆ. ಸಹೃದಯನಿಲ್ಲದೆ ವ್ಯಂಗ್ಯವಿಲ್ಲ ಎಂಬ ಆಲಂಕಾರಿಕರ ಮಾತು ಇಲ್ಲಿಗೂ ಒಪ್ಪುತ್ತದೆ.

ಸಂಸ್ಕಾರವನ್ನು ಅವಲಂಬಿಸಿದ ಅರ್ಥ ಸುಳ್ಳನ್ನೂ ಹೊಳೆಯಿಸಬಲ್ಲದು. ಇಂಗ್ಲಿಷ್ ಅಕ್ಷರಗಳನ್ನು ದೇವನಾಗರಿಯಂತೆ ಒಂದು ತಲೆಗೆರೆಗೆ ತೂಗುಹಾಕಿ ‘ಭಾರತೀಯ’ ಕಳೆ ತರುವ ಫಾಂಟುಗಳಿವೆ. ಕನ್ನಡಕ್ಕೆ ಆ ಉದ್ದನೆಯ ಗೆರೆಯೇ ಇಲ್ಲ. ಇಲ್ಲಿ ಬಹುತೇಕ ಅಕ್ಷರಗಳಿಗೆ ತಂತಮ್ಮ ತಲೆಕಟ್ಟು. ತಮಿಳಿಗೆ, ಮಲಯಾಳಕ್ಕೆ ಅದೂ ಇಲ್ಲ. ಯಾವ ಲಿಪಿಯೂ ಅಲ್ಲದ ಒಂದು ಆಕಾರ ಇಡೀ ದೇಶದ ಪರವಾಗಿ ನಿಲ್ಲುವುದು ಸೌಂದರ್ಯದ ದೋಷಕ್ಕಿಂತ ದೊಡ್ಡದು, ಅದು ಸತ್ಯಕ್ಕೆ ಸಂಬಂಧಿಸಿದ ದೋಷ.

ಅಕ್ಷರವನ್ನು ಅಲಂಕಾರವಾಗಿ ಬಳಸಿದಾಗ ಪ್ರಶ್ನೆ ಧರ್ಮದ ಅಂಗಳಕ್ಕೇ ಬರುತ್ತದೆ. 2009ರ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’ ಆಟದ ‘ಫವೇಲಾ’ ಎಂಬ ಮ್ಯಾಪಿನಲ್ಲಿ, ಬಚ್ಚಲುಮನೆಯ ಗೋಡೆಯ ಚಿತ್ರವೊಂದರ ಚೌಕಟ್ಟಿನ ಮೇಲೆ ಅರಬ್ಬಿ ಬರಹವಿತ್ತು. ದೇವರು ಸುಂದರ, ಆತ ಸೌಂದರ್ಯವನ್ನು ಮೆಚ್ಚುತ್ತಾನೆ ಎಂಬ ಅರ್ಥದ ಹದೀಸ್ ಅದು. ಮುಸ್ಲಿಂ ಆಟಗಾರರು ನೊಂದು ಗಮನ ಸೆಳೆದ ಮೇಲೆ 2012ರ ಅಕ್ಟೋಬರಿನಲ್ಲಿ ಪ್ರಕಾಶಕರು ಆ ಮ್ಯಾಪನ್ನೇ ಹಿಂತೆಗೆದರು. ಓದಲು ಬಾರದವರಿಗೆ ಅದು ಚೌಕಟ್ಟಿನ ಬಳ್ಳಿ. ಓದಬಲ್ಲವರಿಗೆ ದೇವರ ಹೆಸರು, ಅದೂ ಇರಬಾರದ ಜಾಗದಲ್ಲಿ. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ, ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಅಕ್ಷರಾಭ್ಯಾಸ ಮಾಡಿಸುವ ಮನೆಗಳಲ್ಲಿ ಬೆಳೆದವರಿಗೆ ಆ ನೋವು ಅರ್ಥವಾಗಲು ಅರಬ್ಬಿ ಬರಬೇಕಿಲ್ಲ.

ಶಂಕರರ ದೃಷ್ಟಾಂತದ ಇನ್ನೊಂದು ಮಗ್ಗುಲು ಇಲ್ಲಿ ತೆರೆದುಕೊಳ್ಳುತ್ತದೆ. ಗೆರೆ ಅಕ್ಷರವಲ್ಲ ಎಂಬುದು ಅದನ್ನು ಬೇಕಾದಂತೆ ಬಳಸಲು ಕೊಟ್ಟ ಪರವಾನಗಿಯಲ್ಲ. ಅದು ಕೊಡುವ ಅರಿವು ನಿಜವಾದ್ದರಿಂದ, ಆ ಅರಿವು ಯಾರಲ್ಲಿ ಹುಟ್ಟೀತು ಎಂದು ಕೇಳಿಕೊಳ್ಳುವುದು ಬರೆಯುವವನ ಹೊಣೆ.

ಈ ಹೊಣೆ ಪರಲಿಪಿಗೆ ಮಾತ್ರ ಸೀಮಿತವಲ್ಲ. ಕದಂಬರ ಕಾಲದ ಕತೆಯುಳ್ಳ ಆಟವೊಂದಕ್ಕೆ 5ನೇ ಶತಮಾನದ ಹಲ್ಮಿಡಿ ಶಾಸನದ ಲಿಪಿಯಲ್ಲಿ ಹೆಸರು ಬರೆಯಬೇಕೆಂದಿಟ್ಟುಕೊಳ್ಳಬಹುದು. ಭಾಷೆ ಕನ್ನಡವೇ, ಆದರೂ ಇಂದಿನ ಸಾಮಾನ್ಯ ಕನ್ನಡಿಗನಿಗೆ ಆ ಲಿಪಿ ಬಾರದು, ಅವನ ಕಣ್ಣಿಗೂ ಅದು ಬಳ್ಳಿಯೇ. ಅಲ್ಲಿ ವಿನ್ಯಾಸಕಾರ ಶಾಸನ ಓದಬಲ್ಲವರಿಗೆ ತೋರಿಸಿ ತಪ್ಪು ತಿದ್ದಿಸಿಕೊಳ್ಳಬೇಕಾಗುತ್ತದೆ. ಓದಿಗಾಗಿ ಅದೇ ಹೆಸರನ್ನು ಇಂದಿನ ಲಿಪಿಯಲ್ಲಿ ಕೆಳಗೆ ಬರೆಯಬೇಕಾಗುತ್ತದೆ.